ನಾವು ಬೇಡವೆಂದದ್ದು ವೇಳಾಪಟ್ಟಿಯನ್ನು, ಮೇಷ್ಟರನ್ನಲ್ಲ

ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಆನ್‌ಲೈನ್ ಕೋರ್ಸುಗಳ ಸ್ವರೂಪವನ್ನು ನಿರ್ಧರಿಸುವ ಎಲ್ಲರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮಗೆಲ್ಲ ಒಂದು ಸಮೀಕ್ಷೆ ಬರುತ್ತದೆ. ‘ನಿಮಗೆ ಯಾವುದು ಹೆಚ್ಚು ಇಷ್ಟ: ಲೈವ್ ತರಗತಿಯೋ, ನಿಮ್ಮ ವೇಗದಲ್ಲಿ ನೋಡಬಹುದಾದ ರೆಕಾರ್ಡೆಡ್ ಪಾಠವೋ?’ ಎಂಬ ಪ್ರಶ್ನೆ ಅದರಲ್ಲಿ ಇದ್ದೇ ಇರುತ್ತದೆ. ಎರಡು ವೃತ್ತ, ಒಂದಕ್ಕೆ ಗುರುತು ಹಾಕಬೇಕು. ನಾನು ರೆಕಾರ್ಡೆಡ್ ಪಾಠಕ್ಕೆ ಹಾಕಿದೆ. ನನ್ನ ಸಹಪಾಠಿಗಳಲ್ಲಿ ನಾನು ಕೇಳಿದ ಬಹುತೇಕ ಎಲ್ಲರೂ ಅದಕ್ಕೇ ಹಾಕಿದ್ದರು. ಮುಂದಿನ ಸೆಮಿಸ್ಟರ್‌ನಲ್ಲಿ ನಮ್ಮ ಎರಡು ವಿಷಯಗಳ ಲೈವ್ ತರಗತಿಗಳು ಪೂರ್ತಿಯಾಗಿ ನಿಂತುಹೋದವು. ‘ವಿದ್ಯಾರ್ಥಿಗಳ ಅಪೇಕ್ಷೆಯ ಮೇರೆಗೆ’ ಎಂದು ಸುತ್ತೋಲೆಯಲ್ಲಿ ಬರೆದಿತ್ತು.

ಆ ಸುತ್ತೋಲೆ ಓದಿದ ದಿನದಿಂದ ಈ ಪತ್ರ ನನ್ನ ತಲೆಯಲ್ಲಿ ಬೆಳೆಯುತ್ತಿದೆ. ಸಮೀಕ್ಷೆಯ ಕೊನೆಯಲ್ಲಿದ್ದ ‘ಇತರೆ ಸಲಹೆಗಳು’ ಎಂಬ ಪೆಟ್ಟಿಗೆ ಇನ್ನೂರು ಅಕ್ಷರಗಳಿಗೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಅಲ್ಲಿ ಹಿಡಿಸದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಹಾಕಿದ ಗುರುತನ್ನು ಹಿಂತೆಗೆದುಕೊಳ್ಳುತ್ತಿಲ್ಲ. ಅದನ್ನು ನೀವು ಓದಿಕೊಂಡ ಬಗೆ ಸರಿಯಿಲ್ಲ ಎಂದು ಹೇಳಬೇಕಾಗಿದೆ.

ನಾವು ಆ ವೃತ್ತವನ್ನು ಏಕೆ ತುಂಬಿದೆವು ಎಂಬುದನ್ನು ಮೊದಲು ಕೇಳಿ. ನನ್ನ ಸಹಪಾಠಿಯೊಬ್ಬ ರಾತ್ರಿ ಪಾಳಿಯಲ್ಲಿ ದುಡಿದು ಬೆಳಿಗ್ಗೆ ಎಂಟಕ್ಕೆ ಮಲಗುತ್ತಾನೆ. ನಮ್ಮ ಲೈವ್ ತರಗತಿ ಇದ್ದದ್ದು ಒಂಬತ್ತಕ್ಕೆ. ಇನ್ನೊಬ್ಬಳು ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುತ್ತಾಳೆ. ಆಕೆಯ ದಿನ ಇಪ್ಪತ್ತು ಇಪ್ಪತ್ತು ನಿಮಿಷಗಳ ತುಂಡುಗಳಾಗಿ ಸಿಗುತ್ತದೆಯೇ ಹೊರತು ಒಂದೂವರೆ ಗಂಟೆಯ ಇಡಿಯಾಗಿ ಎಂದೂ ಸಿಗುವುದಿಲ್ಲ. ಕಿವಿ ಮಂದವಿರುವ ಒಬ್ಬ ಗೆಳೆಯನಿಗೆ ಅಡಿಬರಹವಿಲ್ಲದ ಲೈವ್ ತರಗತಿ ಎಂದರೆ ಅಲುಗಾಡುವ ತುಟಿಗಳಷ್ಟೇ. ಇನ್ನು ನನ್ನ ವಿಷಯ: ಪಾಠದ ಭಾಷೆ ನನ್ನ ಮನೆಯ ಭಾಷೆಯಲ್ಲ. ಒಂದು ಪದ ತಿಳಿಯದೆ ನಿಂತರೆ ಅದರ ಹಿಂದಿನ ಮೂರು ವಾಕ್ಯಗಳು ಕೈತಪ್ಪುತ್ತವೆ. ಲೈವ್ ತರಗತಿಯಲ್ಲಿ ಕೈಯೆತ್ತಿ ‘ಇನ್ನೊಮ್ಮೆ ಹೇಳುತ್ತೀರಾ’ ಎಂದು ಎಷ್ಟು ಸಲ ಕೇಳಲಾದೀತು? ಎರಡನೆಯ ಸಲಕ್ಕೇ ಗಂಟಲು ಕಟ್ಟುತ್ತದೆ. ರೆಕಾರ್ಡಿಂಗ್ ಏಳನೆಯ ಸಲವೂ ಅದೇ ದನಿಯಲ್ಲಿ, ಅದೇ ತಾಳ್ಮೆಯಿಂದ ಹೇಳುತ್ತದೆ. ಪದವಿಯ ಮೊದಲ ವರ್ಷದಲ್ಲಿ ನಾನು ಉಳಿದುಕೊಂಡದ್ದು ಆ ‘ನಿಲ್ಲಿಸು’ ಗುಂಡಿಯಿಂದಾಗಿ. ಇದನ್ನು ನಾನು ಎಂದೂ ಮರೆಯುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಹೇಳಲು ಸ್ವಲ್ಪ ಸಂಕೋಚ. ನಮಗೆ ಸಿಕ್ಕ ಲೈವ್ ತರಗತಿಗಳಲ್ಲಿ ಬಹಳಷ್ಟು ಹೆಸರಿಗಷ್ಟೇ ಲೈವ್ ಆಗಿದ್ದವು. ತೊಂಬತ್ತು ನಿಮಿಷ ಸ್ಲೈಡುಗಳನ್ನು ಓದಲಾಗುತ್ತಿತ್ತು. ನಡುನಡುವೆ ‘ಕೇಳಿಸುತ್ತಿದೆಯೇ?’ ಎಂಬ ಪ್ರಶ್ನೆ, ಉತ್ತರವಾಗಿ ಯಾರೋ ಒಬ್ಬರ ‘ಹೌದು ಸರ್’. ಅರವತ್ತು ಕಪ್ಪು ಚೌಕಗಳ ಎದುರು ಮಾತಾಡುವುದು ಹೊಳೆಯಲ್ಲಿ ಹುಣಸೆಹಣ್ಣು ತೇದಂತೆ ಎಂದು ಅಧ್ಯಾಪಕರೂ ನೊಂದುಕೊಳ್ಳುತ್ತಿದ್ದರು. ಆ ನೋವು ಸುಳ್ಳಲ್ಲ. ಆದರೆ ಆ ತರಗತಿಯಲ್ಲಿ ನಮ್ಮಿಂದ ಆಗಬೇಕಾದದ್ದು ಏನೂ ಇರಲಿಲ್ಲ. ನಾವು ಅಲ್ಲಿದ್ದರೂ ಇಲ್ಲದಿದ್ದರೂ ಒಂದೇ ಪಾಠ ಒಂದೇ ರೀತಿ ನಡೆಯುತ್ತದೆ ಎಂದಾದರೆ, ಅದನ್ನು ನಮಗೆ ಅನುಕೂಲವಾದ ಹೊತ್ತಿಗೆ ಕೇಳುತ್ತೇವೆ ಎನ್ನುವುದು ಸೋಮಾರಿತನ ಹೇಗಾದೀತು?

ಕ್ಯಾಮೆರಾ ತೆರೆಯದಿರುವುದನ್ನು ಅಗೌರವವೆಂದು ಎಣಿಸುವವರಿಗೂ ಒಂದು ಮಾತು. ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ತಮ್ಮ ವಿದ್ಯಾರ್ಥಿಗಳನ್ನೇ ಈ ಬಗ್ಗೆ ಕೇಳಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾವು ಹೇಗೆ ಕಾಣುತ್ತೇವೆಂಬ ಅಳುಕು, ಹಿನ್ನೆಲೆಯಲ್ಲಿ ಮನೆಯೂ ಮನೆಯವರೂ ಕಾಣುತ್ತಾರೆಂಬ ಮುಜುಗರ, ದುರ್ಬಲ ಇಂಟರ್ನೆಟ್, ಇವು ವಿದ್ಯಾರ್ಥಿಗಳು ಕೊಟ್ಟ ಕಾರಣಗಳು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ ಅವರು ವಿಡಿಯೊ ಸಭೆಗಳ ದಣಿವಿಗೆ ಕಾರಣಗಳನ್ನು ಬಿಡಿಸಿಟ್ಟರು: ಎಲ್ಲರ ಕಣ್ಣೂ ಎಡೆಬಿಡದೆ ಹತ್ತಿರದಿಂದ ದಿಟ್ಟಿಸುತ್ತಿರುವಂತೆ ಅನಿಸುವುದು, ತನ್ನದೇ ಮುಖವನ್ನು ಗಂಟೆಗಟ್ಟಲೆ ನೋಡಬೇಕಾಗುವುದು, ಕೂತಲ್ಲಿಂದ ಅಲುಗಾಡಲಾಗದಿರುವುದು, ಮುಖಾಮುಖಿಯಲ್ಲಿ ತಾನಾಗಿ ಅರ್ಥವಾಗುವ ಸನ್ನೆಗಳಿಗೆ ಇಲ್ಲಿ ಹೆಚ್ಚು ಶ್ರಮಪಡಬೇಕಾಗುವುದು. ಒಂದು ಕೋಣೆಯಲ್ಲಿ ನಾಲ್ವರು ಇರುವ ಮನೆಯಿಂದ ತರಗತಿಗೆ ಬರುವವರಿಗೆ ಈ ಪಟ್ಟಿ ಹೊಸದೇನಲ್ಲ.

ಇಷ್ಟೆಲ್ಲ ಕಾರಣಗಳಿಂದ ಆ ವೃತ್ತ ತುಂಬಿತು. ಲೈವ್ ತರಗತಿಗಳು ನಿಂತವು. ಆಮೇಲೆ ಆದದ್ದನ್ನು ಹೇಳುತ್ತೇನೆ.

ಸೆಮಿಸ್ಟರ್‌ನ ಮೊದಲ ದಿನವೇ ನಲವತ್ತೆರಡು ವಿಡಿಯೊಗಳು ಪೋರ್ಟಲ್‌ನಲ್ಲಿ ಬಂದು ಕೂತವು. ಕೊನೆಯ ದಿನಾಂಕ ಒಂದೇ, ಪರೀಕ್ಷೆಯದು. ಮೊದಲ ವಾರ ಮೂರು ವಿಡಿಯೊ ನೋಡಿದೆ, ಎರಡನೆಯ ವಾರ ಒಂದು. ಮೂರನೆಯ ವಾರದಲ್ಲಿ ಬೇರೆ ವಿಷಯದ ಅಸೈನ್‌ಮೆಂಟ್ ಬಂತು. ಅದಕ್ಕೆ ಗಡುವಿತ್ತು, ಇದಕ್ಕಿರಲಿಲ್ಲ. ನಾಳೆ ಎಂದವನ ಮನೆ ಹಾಳು ಎಂದು ಬಾಲ್ಯದಿಂದ ಕೇಳಿದವರೇ ನಾವೆಲ್ಲ. ಆದರೆ ಗಡುವಿರುವ ಕೆಲಸವೂ ಗಡುವಿಲ್ಲದ ಕೆಲಸವೂ ಒಟ್ಟಿಗೆ ಬಾಗಿಲು ತಟ್ಟಿದಾಗ ಯಾರಿಗಾದರೂ ಬಾಗಿಲು ತೆರೆಯುವುದು ಮೊದಲನೆಯದಕ್ಕೇ. ಪರೀಕ್ಷೆಗೆ ಆರು ದಿನ ಉಳಿದಾಗ ಮೂವತ್ತಮೂರು ವಿಡಿಯೊಗಳು ಬಾಕಿ ಇದ್ದವು. ಎರಡು ಪಟ್ಟು ವೇಗದಲ್ಲಿ, ಹಗಲು ರಾತ್ರಿ ಎನ್ನದೆ ನೋಡಿ ಮುಗಿಸಿದೆ. ಬಹು ಆಯ್ಕೆಯ ಪ್ರಶ್ನೆಪತ್ರಿಕೆಯಾದ್ದರಿಂದ ಒಳ್ಳೆಯ ಅಂಕಗಳೇ ಬಂದವು. ನಿಮ್ಮ ದಾಖಲೆಯಲ್ಲಿ ಆ ಕೋರ್ಸು ಯಶಸ್ವಿ. ಮೂರು ತಿಂಗಳ ನಂತರ ಅದೇ ವಿಷಯದ ಮುಂದಿನ ಭಾಗ ಆರಂಭವಾದಾಗ ನನ್ನ ಬಳಿ ಉಳಿದಿದ್ದದ್ದು ಶೀರ್ಷಿಕೆಗಳು ಮಾತ್ರ.

ತಪ್ಪು ಎರಡು ಪಟ್ಟು ವೇಗದ್ದು ಎಂದು ದಯವಿಟ್ಟು ತೀರ್ಮಾನಿಸಬೇಡಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿ 2021ರಲ್ಲಿ ಬರೆದಿದ್ದಾರೆ: ಎರಡು ಪಟ್ಟಿನವರೆಗೆ ವೇಗ ಹೆಚ್ಚಿಸಿದರೂ ಗ್ರಹಿಕೆಗೆ ಆಗುವ ನಷ್ಟ ಅಲ್ಪ. ಕೆಟ್ಟದ್ದು ವೇಗವಲ್ಲ, ರಾಶಿ. ನಾಲ್ಕು ತಿಂಗಳಲ್ಲಿ ಹರಡಿಕೊಳ್ಳಬೇಕಾದ ಕಲಿಕೆ ಆರು ದಿನಕ್ಕೆ ಕುಗ್ಗಿದಾಗ ಏನಾಗುತ್ತದೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆಂದು ತನ್ನನ್ನೇ ಅಳೆದುಕೊಂಡ ಮನುಷ್ಯ ಅವರು. ನೆನಪು ಮೊದಲ ಗಂಟೆಗಳಲ್ಲೇ ಕಡಿದಾಗಿ ಇಳಿಯುತ್ತದೆ, ಹಲವು ದಿನಗಳಿಗೆ ಹಂಚಿ ಓದಿದ್ದು ಒಂದೇ ಬಾರಿ ಓದಿದ್ದಕ್ಕಿಂತ ಹೆಚ್ಚು ನಿಲ್ಲುತ್ತದೆ ಎಂಬುದು ಅವರ ಕಾಲದಿಂದಲೂ ತಿಳಿದ ಮಾತು. ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ತಿಳಿದಿರುವುದನ್ನು ಕೋರ್ಸಿನ ರಚನೆಯಲ್ಲಿ ಕಡೆಗಣಿಸಿ, ಆಮೇಲೆ ಫಲಿತಾಂಶವನ್ನು ವಿದ್ಯಾರ್ಥಿಯ ಶಿಸ್ತಿಗೆ ಕಟ್ಟುವುದು ನ್ಯಾಯವಲ್ಲ.

ನನ್ನೊಬ್ಬಳ ಕಥೆಯಿಂದ ನೀತಿ ರೂಪಿಸಬೇಕಿಲ್ಲ, ನಿಜ. ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳು ಎಡ್‌ಎಕ್ಸ್ ವೇದಿಕೆಯಲ್ಲಿ ನಡೆಸಿದ ಮುಕ್ತ ಕೋರ್ಸುಗಳ ಆರು ವರ್ಷಗಳ ದತ್ತಾಂಶವನ್ನು ಜಸ್ಟಿನ್ ರೈಕ್ ಮತ್ತು ಹೋಸೆ ರುಯಿಪೆರೆಸ್-ವಾಲಿಯೆಂತೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟರು. 2017-18ರಲ್ಲಿ ಕೋರ್ಸು ಮುಗಿಸಿದವರು ಶೇ 3.13. ಸೇರಿದವರಲ್ಲಿ ಸುಮ್ಮನೆ ಇಣುಕಿ ನೋಡಲು ಬಂದವರೇ ಬಹಳ ಎನ್ನಬಹುದು, ಒಪ್ಪುತ್ತೇನೆ. ಆದರೆ ಹಣ ಕೊಟ್ಟು ಪ್ರಮಾಣಪತ್ರಕ್ಕೆಂದೇ ಸೇರಿದವರಲ್ಲೂ ಆ ವರ್ಷ ದಡ ಮುಟ್ಟಿದವರು ಶೇ 46. ದುಡ್ಡು ಕೊಟ್ಟವರೂ, ಇಚ್ಛೆಯಿಂದ ಬಂದವರೂ ಅರ್ಧಕ್ಕಿಂತ ಹೆಚ್ಚು ಮಂದಿ ನಡುನೀರಿನಲ್ಲೇ ಉಳಿದರು. ಅದಕ್ಕೂ ಮೊದಲು, 2004ರಲ್ಲಿ, ರಾಬರ್ಟ್ ಬರ್ನಾರ್ಡ್ ಮತ್ತು ಸಂಗಡಿಗರು ದೂರಶಿಕ್ಷಣದ 232 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ್ದರು. ಅದರಲ್ಲಿ ನನಗೆ ಮುಖ್ಯವೆನಿಸಿದ್ದು ಇದು: ಎಲ್ಲರೂ ಒಂದೇ ಹೊತ್ತಿಗೆ ಸೇರುವ ದೂರಶಿಕ್ಷಣ ಸಾಮಾನ್ಯ ತರಗತಿಗಿಂತ ತುಸು ಹಿಂದೆ ಬಿದ್ದಿತ್ತು, ಅವರವರ ಹೊತ್ತಿಗೆ ಕಲಿಯುವ ದೂರಶಿಕ್ಷಣ ತುಸು ಮುಂದಿತ್ತು. ಆದರೆ ಅರ್ಧದಲ್ಲೇ ಬಿಟ್ಟುಹೋದವರು ಹೆಚ್ಚಿದ್ದದ್ದೂ ಆ ಎರಡನೆಯ ಬಗೆಯಲ್ಲೇ. ಉಳಿದವರು ಚೆನ್ನಾಗಿ ಕಲಿಯುತ್ತಾರೆ, ಆದರೆ ಎಲ್ಲರೂ ಉಳಿಯುವುದಿಲ್ಲ. ಈ ಎರಡು ಮಾತುಗಳನ್ನು ಬಿಡಿಸದೆ ಒಟ್ಟಿಗೆ ಓದಬೇಕು.

ಸ್ವಂತ ವೇಗದ ಕಲಿಕೆಯನ್ನು ವಿಶ್ವವಿದ್ಯಾಲಯದ ತರಗತಿಗೆ ವ್ಯವಸ್ಥಿತವಾಗಿ ತಂದವರಲ್ಲಿ ಪ್ರಮುಖರು ಮನಶ್ಶಾಸ್ತ್ರಜ್ಞ ಫ್ರೆಡ್ ಕೆಲ್ಲರ್. 1960ರ ದಶಕದಲ್ಲಿ ಬ್ರೆಜಿಲ್ ದೇಶದ ಬ್ರೆಸಿಲಿಯ ವಿಶ್ವವಿದ್ಯಾಲಯದಲ್ಲಿ ಸಹೋದ್ಯೋಗಿಗಳೊಂದಿಗೆ ಆ ಪದ್ಧತಿಯನ್ನು ರೂಪಿಸಿ, 1968ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದರು. ಪಾಠ ಘಟಕಗಳಾಗಿ ಒಡೆದಿರುತ್ತಿತ್ತು, ವಿದ್ಯಾರ್ಥಿ ತನ್ನ ಗತಿಯಲ್ಲಿ ಸಾಗಬಹುದಿತ್ತು, ಒಂದು ಘಟಕ ಪೂರ್ತಿ ಕೈವಶವಾಗದೆ ಮುಂದಿನದಕ್ಕೆ ಹೋಗುವಂತಿರಲಿಲ್ಲ. ಇಂದಿನ ಪೋರ್ಟಲ್‌ಗಳು ಆ ಪದ್ಧತಿಯಿಂದ ಮೊದಲ ಎರಡನ್ನು ಎತ್ತಿಕೊಂಡಿವೆ. ಆದರೆ ಅದರಲ್ಲಿ ಇನ್ನೊಂದು ಅಂಗವಿತ್ತು: ಪ್ರತಿ ಘಟಕದ ಕೊನೆಯಲ್ಲಿ ವಿದ್ಯಾರ್ಥಿಯ ಪಕ್ಕ ಕುಳಿತು, ಉತ್ತರ ನೋಡಿ, ‘ಇಲ್ಲಿ ಹೀಗೇಕೆ ಬರೆದೆ?’ ಎಂದು ಕೇಳುವ, ಅದೇ ಕೋರ್ಸು ಮುಗಿಸಿದ ಒಬ್ಬ ಹಿರಿಯ ವಿದ್ಯಾರ್ಥಿ. ಅಷ್ಟೊಂದು ಮಾನವ ಸಂಪರ್ಕ ಇಟ್ಟುಕೊಂಡರೂ ಆ ಪದ್ಧತಿಯನ್ನು ಕಾಡಿದ್ದು ಮುಂದೂಡುವ ಅಭ್ಯಾಸವೇ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಮೊದಲ ವಿದ್ಯಾರ್ಥಿಗಳಿಗೆ ಪಾಠ ಆರಂಭಿಸಿದಾಗಲೂ ಅಷ್ಟೇ; ಬಿಬಿಸಿಯಲ್ಲಿ ಪ್ರಸಾರವಾದ ಪಾಠಗಳು ಎಲ್ಲರ ನೆನಪಿನಲ್ಲಿ ಉಳಿದಿವೆ, ಅವುಗಳ ಹಿಂದೆ ಅಸೈನ್‌ಮೆಂಟ್ ತಿದ್ದಿ ಪತ್ರ ಬರೆಯುತ್ತಿದ್ದ ಟ್ಯೂಟರ್‌ಗಳನ್ನು ಹೆಚ್ಚು ಜನ ನೆನೆಯುವುದಿಲ್ಲ. ಕೆಲ್ಲರ್ ಅವರಿಂದಲೂ ಓಪನ್ ಯೂನಿವರ್ಸಿಟಿಯಿಂದಲೂ ನಾವು ಪಾಠದ ಪೆಟ್ಟಿಗೆಯನ್ನು ಪಡೆದೆವು, ಪಕ್ಕ ಕೂರುವ ಮನುಷ್ಯನನ್ನು ಬಿಟ್ಟೆವು.

ನನ್ನ ವಾದ ಇಷ್ಟು. ‘ರೆಕಾರ್ಡೆಡ್’ ಮತ್ತು ‘ಸ್ವಂತ ವೇಗ’ ಎಂಬ ಎರಡು ಬೇರೆ ಸಂಗತಿಗಳನ್ನು ನಿಮ್ಮ ಸಮೀಕ್ಷೆ ಒಂದೇ ವೃತ್ತದೊಳಗೆ ತುರುಕಿದೆ. ಈ ಪಾಠವನ್ನು ಸೋಮವಾರ ಬೆಳಿಗ್ಗೆ ನೋಡಲೋ ಗುರುವಾರ ರಾತ್ರಿ ನೋಡಲೋ ಎಂಬ ಸ್ವಾತಂತ್ರ್ಯ ಒಂದು. ಈ ಪಾಠವನ್ನು ಎರಡನೆಯ ವಾರ ನೋಡಲೋ ಹದಿನಾಲ್ಕನೆಯ ವಾರ ನೋಡಲೋ ಎಂಬುದು ಇನ್ನೊಂದು. ರಾತ್ರಿ ಪಾಳಿಯ ಗೆಳೆಯನಿಗೆ ಬೇಕಾದದ್ದು ಮೊದಲನೆಯದು. ತಂದೆಯನ್ನು ನೋಡಿಕೊಳ್ಳುವವಳಿಗೆ ಬೇಕಾದದ್ದೂ ಮೊದಲನೆಯದು, ಜೊತೆಗೆ ಕಷ್ಟದ ವಾರ ಬಂದಾಗ ಸ್ವಲ್ಪ ರಿಯಾಯಿತಿ. ಎರಡನೆಯದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ವಾರದೊಳಗೆ ಬಿಡುವು ಕೇಳಿದವರಿಗೆ ಸೆಮಿಸ್ಟರ್ ಪೂರ್ತಿ ಒಂಟಿತನ ಸಿಕ್ಕಿತು.

ಲೈವ್ ತರಗತಿ ನಿಂತಾಗ ನಾವು ಕಳೆದುಕೊಂಡದ್ದು ಏನು ಎಂದು ಹೇಳಲು ಒಂದು ಗಂಟೆಯನ್ನು ನೆನಪಿಸಿಕೊಳ್ಳುತ್ತೇನೆ. ಮೊದಲ ವರ್ಷದ ಸಂಖ್ಯಾಶಾಸ್ತ್ರದ ತರಗತಿ. ಅಧ್ಯಾಪಕಿ ಸ್ಲೈಡ್ ಮುಚ್ಚಿ ಒಂದು ಪ್ರಶ್ನೆ ಕೇಳಿದರು: ಸಾವಿರದಲ್ಲಿ ಒಬ್ಬರಿಗೆ ಬರುವ ಒಂದು ಕಾಯಿಲೆ. ಕಾಯಿಲೆ ಇರುವವರನ್ನು ತಪ್ಪದೆ ಹಿಡಿಯುವ ಪರೀಕ್ಷೆ, ಆದರೆ ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರನ್ನು ತಪ್ಪಾಗಿ ರೋಗಿ ಎನ್ನುತ್ತದೆ. ನಿಮ್ಮ ಫಲಿತಾಂಶ ಪಾಸಿಟಿವ್ ಬಂದಿದೆ. ನಿಮಗೆ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಚಾಟ್‌ನಲ್ಲಿ 99, 99, 99 ಎಂದು ಸಾಲು ಬೆಳೆಯಿತು. ನಾನೂ 99 ಎಂದೇ ಬರೆದೆ. ಅವರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ, ಸುಮ್ಮನೆ ಕಾದರು. ಆ ಮೌನ ಉದ್ದವಾಯಿತು. ಕೊನೆಗೆ ಎಂದೂ ಮಾತಾಡದ ಒಬ್ಬ ಬರೆದ: ‘ಅಷ್ಟು ಇರಲಾರದು ಅನಿಸುತ್ತದೆ, ಏಕೆಂದು ಗೊತ್ತಿಲ್ಲ.’ ಅಧ್ಯಾಪಕಿ ಆ ‘ಏಕೆಂದು ಗೊತ್ತಿಲ್ಲ’ವನ್ನು ಹಿಡಿದುಕೊಂಡು ಹೊರಟರು. ಸಾವಿರ ಜನರನ್ನು ನಿಲ್ಲಿಸೋಣ ಎಂದರು. ಕಾಯಿಲೆ ಇರುವವನು ಒಬ್ಬ, ಅವನು ಪಾಸಿಟಿವ್. ಉಳಿದ 999 ಮಂದಿಯಲ್ಲಿ ಸುಮಾರು ಹತ್ತು ಮಂದಿ ತಪ್ಪಾಗಿ ಪಾಸಿಟಿವ್. ಹನ್ನೊಂದು ಜನರಲ್ಲಿ ಒಬ್ಬನಷ್ಟೇ ನಿಜವಾದ ರೋಗಿ, ಅಂದರೆ ಶೇ 9ರ ಆಸುಪಾಸು. ನನಗೆ ಅಂದು ಆದ ಆಶ್ಚರ್ಯ ಇಂದಿಗೂ ಮೈಯಲ್ಲಿದೆ.

ಅದೇ ಲೆಕ್ಕವನ್ನು ನಾನು ಅದಕ್ಕೂ ಮೊದಲು ರೆಕಾರ್ಡೆಡ್ ಪಾಠದಲ್ಲಿ ಎರಡು ಸಲ ನೋಡಿದ್ದೆ. ಎರಡು ಸಲವೂ ತಲೆದೂಗಿದ್ದೆ, ಟಿಪ್ಪಣಿ ಮಾಡಿಕೊಂಡಿದ್ದೆ, ಅರ್ಥವಾಯಿತು ಎಂದುಕೊಂಡಿದ್ದೆ. ವಿಡಿಯೊ ನನ್ನ ತಪ್ಪು ಉತ್ತರವನ್ನು ಎಂದೂ ಹೊರಗೆಳೆದಿರಲಿಲ್ಲ. ತನ್ನ ತಪ್ಪನ್ನು ತಾನೇ ಬರೆದು, ಇತರರ ತಪ್ಪುಗಳ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಆ ಲೆಕ್ಕ ನನ್ನದಾಯಿತು. ಅದಕ್ಕೆ ಬೇಕಾಗಿದ್ದದ್ದು ನಮ್ಮ ಉತ್ತರ ನೋಡಿ ತನ್ನ ಮುಂದಿನ ವಾಕ್ಯವನ್ನು ಬದಲಿಸಬಲ್ಲ ಒಬ್ಬ ಮನುಷ್ಯಳು, ಮತ್ತು ಕಾಯುವ ಧೈರ್ಯ. ಶಾಲಾ ತರಗತಿಗಳಲ್ಲಿ ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆಂದು ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದಿದ್ದರು. ಸರಾಸರಿ ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ತೆರೆಯುತ್ತಾರೆ ಎಂದು ಅವರು ಕಂಡುಕೊಂಡರು. ಆನ್‌ಲೈನಿನಲ್ಲಿ ಮ್ಯೂಟ್ ತೆಗೆಯಬೇಕು, ಟೈಪ್ ಮಾಡಬೇಕು, ಸಂಪರ್ಕ ತಡವಾಗುತ್ತದೆ. ಮೂರು ಸೆಕೆಂಡು ಎಲ್ಲಿಗೂ ಸಾಲದು. ‘ಯಾರೂ ಉತ್ತರಿಸುತ್ತಿಲ್ಲ, ಮುಂದೆ ಹೋಗೋಣ’ ಎಂದು ನಮ್ಮನ್ನು ದಾಟಿಹೋದ ಎಷ್ಟೋ ಸಲ, ಉತ್ತರ ಬೆರಳ ತುದಿಯವರೆಗೆ ಬಂದಿರುತ್ತಿತ್ತು.

ವಿದ್ಯಾರ್ಥಿಗಳ ಇಷ್ಟವನ್ನೇ ಕೊನೆಯ ಮಾತಾಗಿ ಹಿಡಿಯಬೇಡಿ ಎಂದು ಒಬ್ಬ ವಿದ್ಯಾರ್ಥಿನಿಯೇ ಕೇಳುತ್ತಿರುವುದು ವಿಚಿತ್ರವೆನಿಸಬಹುದು. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದ ಮೇಲೆ ನನಗೆ ನನ್ನ ಇಷ್ಟದ ಮೇಲೇ ಪ್ರಶ್ನೆಗಳೆದ್ದವು. ಒಂದು ಗುಂಪಿಗೆ ಸರಾಗವಾದ ಉಪನ್ಯಾಸ, ಇನ್ನೊಂದಕ್ಕೆ ತಾವೇ ಒದ್ದಾಡಿ ಬಿಡಿಸುವ ತರಗತಿ. ಒದ್ದಾಡಿದವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವು ಎಂದು ಹೇಳಿಕೊಂಡರು. ಸರಾಗವಾಗಿ ಕೇಳಿಸುವುದು ಕಲಿತಂತೆ ಅನಿಸುತ್ತದೆ. ಚೆನ್ನಾಗಿ ಚಿತ್ರಿಸಿದ ವಿಡಿಯೊ ನೋಡಿದಾಗ ನನಗಾಗುವುದು ಇದೇ. ಆದ್ದರಿಂದ ನಮ್ಮನ್ನು ಕೇಳುವುದನ್ನು ನಿಲ್ಲಿಸಬೇಡಿ, ಕೇಳುವ ಪ್ರಶ್ನೆಯನ್ನು ಬದಲಿಸಿ. ಯಾವುದು ಇಷ್ಟ ಎನ್ನುವ ಬದಲು, ಯಾವ ವಾರ ಹಿಂದೆ ಬಿದ್ದೆ, ಏಕೆ, ಆಗ ಯಾರನ್ನು ಕೇಳಬಹುದಿತ್ತು ಎಂದು ಕೇಳಿ.

ನಾವು ಬೇಡುವುದು ದೊಡ್ಡ ಯಂತ್ರೋಪಕರಣವನ್ನಲ್ಲ. ವಿವರಣೆಯನ್ನು ರೆಕಾರ್ಡ್ ಮಾಡಿ, ಚಿಕ್ಕದಾಗಿ ಮಾಡಿ. ಎಡ್‌ಎಕ್ಸ್‌ನ ನಾಲ್ಕು ಕೋರ್ಸುಗಳಲ್ಲಿ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ಸಾಮಾನ್ಯ ವಿದ್ಯಾರ್ಥಿ ಅದರಲ್ಲಿ ನಿಂತದ್ದು ಹೆಚ್ಚೆಂದರೆ ಆರು ನಿಮಿಷ. ಎರಡು ತುಂಡುಗಳ ನಡುವೆ ನಾವೇ ಉತ್ತರ ಬರೆಯಬೇಕಾದ ಪ್ರಶ್ನೆ ಇಡಿ. 21 ನಿಮಿಷದ ಸಂಖ್ಯಾಶಾಸ್ತ್ರ ಪಾಠವೊಂದರ ನಡುವೆ ಹೀಗೆ ಕಿರುಪರೀಕ್ಷೆಗಳನ್ನು ಇಟ್ಟಾಗ ಮನಸ್ಸು ಅಲೆಯುವುದು ತಗ್ಗಿತು, ಟಿಪ್ಪಣಿ ಬರೆಯುವುದು ಹೆಚ್ಚಿತು ಎಂದು ಕಾರ್ಲ್ ಸ್ಪುನರ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದಾರೆ. ಎಲ್ಲ ವಿಡಿಯೊಗಳಿಗೂ ಅಡಿಬರಹ ಇರಲಿ. ಪಾಠಗಳು ವಾರ ವಾರ ಬರಲಿ, ವಾರದ ಕೊನೆಗೆ ಒಂದು ಸಣ್ಣ ಗಡುವು ಇರಲಿ, ಸೆಮಿಸ್ಟರ್‌ಗೆ ಒಂದೆರಡು ವಾರ ಕಾರಣ ಕೇಳದೆ ವಿನಾಯಿತಿ ಸಿಗಲಿ.

ಲೈವ್ ಗಂಟೆಯನ್ನು ಮಾತ್ರ ಉಪನ್ಯಾಸದಿಂದ ಮುಕ್ತಗೊಳಿಸಿ. ರೆಕಾರ್ಡ್ ಮಾಡಿದರೆ ಅರ್ಥ ಕಳೆದುಕೊಳ್ಳುವಂಥದ್ದೇ ಅಲ್ಲಿ ನಡೆಯಲಿ: ಪ್ರಶ್ನೆ, ತಪ್ಪು, ವಾದ, ಬಿಡಿಸಲಾಗದ ಲೆಕ್ಕ. ಹದಿನೈದು ಇಪ್ಪತ್ತು ಜನರ ಗುಂಪು ಸಾಕು, ಬೆಳಿಗ್ಗೆ ಒಂದು ಹೊತ್ತು, ರಾತ್ರಿ ಒಂದು ಹೊತ್ತು, ಯಾರಿಗೆ ಯಾವುದು ಸಾಧ್ಯವೋ ಅದು. ಕ್ಯಾಮೆರಾ ಕಡ್ಡಾಯ ಬೇಡ. ಅಂಥ ಗಂಟೆಗೆ ಹಾಜರಾತಿಯ ಬೆದರಿಕೆ ಬೇಕಾಗದು. ಆ ಸಂಖ್ಯಾಶಾಸ್ತ್ರದ ತರಗತಿಗೆ ಮರುವಾರ ನಾವು ಐದು ನಿಮಿಷ ಮೊದಲೇ ಬಂದು ಕಾದಿದ್ದೆವು.

ಇದಕ್ಕೆ ಖರ್ಚಿದೆ ಎಂದು ನನಗೆ ಗೊತ್ತು. ಒಮ್ಮೆ ರೆಕಾರ್ಡ್ ಮಾಡಿದ ಪಾಠವನ್ನು ಐದು ವರ್ಷ ಓಡಿಸಬಹುದು. ಇಪ್ಪತ್ತು ಜನರ ಗುಂಪಿಗೆ ಪ್ರತಿ ವಾರ ಒಬ್ಬ ಮನುಷ್ಯ ಬೇಕು. ಇಂದು ಬಹಳ ಕಡೆ ಚರ್ಚೆಯ ಗಂಟೆಯನ್ನು, ವೇದಿಕೆಯಲ್ಲಿ ಪ್ರಶ್ನೆಗಳಿಗೆ ಉತ್ತರಿಸುವ ಹೊತ್ತನ್ನು ಅಧ್ಯಾಪಕರ ಕೆಲಸದ ಲೆಕ್ಕಕ್ಕೇ ಹಿಡಿಯುವುದಿಲ್ಲ, ಉಪನ್ಯಾಸಕ್ಕೆ ಮಾತ್ರ ಲೆಕ್ಕ. ಹಾಗಿರುವಾಗ ಅವರು ಆ ಗಂಟೆಯನ್ನು ಉಪನ್ಯಾಸದಿಂದ ತುಂಬಿದರೆ ಅವರನ್ನು ದೂಷಿಸಲಾಗದು. ಬದಲಾಗಬೇಕಾದದ್ದು ನಿಮ್ಮ ಮೇಜಿನ ಮೇಲಿರುವ ಆ ಲೆಕ್ಕ. 2020ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ತರಗತಿಗಳು ಮುಚ್ಚಿದಾಗ ಸಿಕ್ಕಿದ್ದನ್ನು ಹಿಡಿದು ಪಾಠ ಮಾಡಿದ್ದು ಅನಿವಾರ್ಯವಾಗಿತ್ತು. ಅಂದಿನ ಅಧ್ಯಾಪಕರಿಗೆ ನಾವು ಋಣಿಗಳು. ಇಂದಿನ ಕೋರ್ಸುಗಳಿಗೆ ಆ ಅನಿವಾರ್ಯದ ನೆಪವಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ತಂದೆಯನ್ನು ನೋಡಿಕೊಳ್ಳುವ ಗೆಳತಿಯ ಬಗ್ಗೆ ಮೊದಲೇ ಹೇಳಿದೆ. ರೆಕಾರ್ಡೆಡ್ ಪಾಠ ಬೇಕೆಂದು ಎಲ್ಲರಿಗಿಂತ ಹೆಚ್ಚು ಹಂಬಲಿಸಿದವಳು ಆಕೆ. ಲೈವ್ ತರಗತಿಗಳು ನಿಂತ ಸೆಮಿಸ್ಟರ್‌ನ ಏಳನೆಯ ವಾರದಲ್ಲಿ ಆಕೆ ಪೋರ್ಟಲ್ ತೆರೆಯುವುದನ್ನು ನಿಲ್ಲಿಸಿದಳು. ತರಗತಿ ಇದ್ದಿದ್ದರೆ ಎರಡನೆಯ ಗೈರುಹಾಜರಿಗೇ ಯಾರಾದರೂ ಹೆಸರು ಹಿಡಿದು ಕೇಳುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲ, ನಾನೂ ಪರೀಕ್ಷೆಯ ದಿನದವರೆಗೆ ಗಮನಿಸಲಿಲ್ಲ. ಸೆಮಿಸ್ಟರ್ ಕೊನೆಯ ಸಮೀಕ್ಷೆ ಪರೀಕ್ಷೆ ಬರೆದವರಿಗಷ್ಟೇ ಹೋಗುತ್ತದೆ, ಹಾಗಾಗಿ ಆಕೆಗೆ ಲಿಂಕ್ ಬರಲಿಲ್ಲ. ಮುಂದಿನ ವರ್ಷದ ಕೋರ್ಸುಗಳ ಬಗ್ಗೆ ನಿರ್ಧರಿಸಲು ನೀವು ಸೇರುವ ಮುನ್ನ, ನಡುವೆ ಬಿಟ್ಟುಹೋದವರ ಪಟ್ಟಿ ತರಿಸಿಕೊಂಡು ಒಬ್ಬೊಬ್ಬರಿಗೂ ಕರೆ ಮಾಡಿಸಿ. ಆಕೆ ಫೋನ್ ಎತ್ತುವುದು ರಾತ್ರಿ ಒಂಬತ್ತರ ನಂತರ.

ಇಂತಿ,
ಅಂತಿಮ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ